ನಾಲ್ಕು ನೊಬೆಲ್ ಮತ್ತು ನಮ್ಮ ರೆಕಾರ್ಡ್ ಬುಕ್ಕು

ನಾವು ಮೆಕ್ ಹುಡುಗರು. ಅರವತ್ತು ಜನರ ಕ್ಲಾಸಲ್ಲಿ ಹುಡುಗಿಯರು ನಾಲ್ಕೇ ಜನ. ಹೋದ ತಿಂಗಳು ಸಂಘದ ಕ್ವಿಜ್‌ಗೆ ಪ್ರಶ್ನೆ ಹುಡುಕುತ್ತಾ ಎಲ್ಲರೂ ಕ್ಯಾಂಟೀನಲ್ಲಿ ಕೂತಿದ್ದಾಗ ಸಿಕ್ಕಿದ್ದು ನ್ಯೂಯಾರ್ಕಿನ ಸ್ಟೈವಸೆಂಟ್ ಹೈಸ್ಕೂಲು.

"ಲೋ, ಒಂದೇ ಸರ್ಕಾರಿ ಹೈಸ್ಕೂಲಿಂದ ನಾಲ್ಕು ನೊಬೆಲ್ ಕಣ್ರೋ!" ಅಂತ ಕುಣಿದಾಡಿದೆವು. ಓದುತ್ತಾ ಹೋದಂತೆ ಖುಷಿ ಇನ್ನೂ ಜಾಸ್ತಿ ಆಯ್ತು. 1904ರಲ್ಲಿ ಮ್ಯಾನ್‌ಹ್ಯಾಟನ್‌ನಲ್ಲಿ ಶುರುವಾದಾಗ ಅದು ಹುಡುಗರಿಗೆ ಓದಿನ ಜೊತೆ ಕೈಕೆಲಸ ಕಲಿಸುವ ಶಾಲೆ. ಅಂದ್ರೆ ನಮ್ಮ ವರ್ಕ್‌ಶಾಪಿನ ಅಣ್ಣ! ಬರಬರುತ್ತಾ ಗಣಿತ, ವಿಜ್ಞಾನಕ್ಕೆ ಹೆಸರಾಯಿತು. ಸೀಟಿಗೆ ನೂಕುನುಗ್ಗಲಾಗಿ 1934ರಲ್ಲಿ ಪ್ರವೇಶ ಪರೀಕ್ಷೆ ಬಂತು. ಫೀಸಿಲ್ಲ, ಪರೀಕ್ಷೆ ಪಾಸಾದರೆ ಸೀಟು. ನಾಜಿಗಳ ಕೈಯಿಂದ ಪಾರಾಗಿ 1949ರಲ್ಲಿ ಅಮೆರಿಕಕ್ಕೆ ಬಂದ ಹುಡುಗ ರೋಲ್ಡ್ ಹಾಫ್‌ಮನ್ ಅಲ್ಲಿ ಓದಿ, 1981ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಉಳಿದ ಮೂವರು ಜೋಶುವಾ ಲೆಡರ್‌ಬರ್ಗ್, ರಾಬರ್ಟ್ ಫೋಗೆಲ್, ರಿಚರ್ಡ್ ಆಕ್ಸೆಲ್.

ಪಕ್ಕದಲ್ಲಿ ಟೀ ಕುಡೀತಿದ್ದ ನಮ್ಮ ಕ್ಲಾಸಿನ ಗೆಳತಿ ಕೇಳಿದಳು: "ನಾಲ್ಕೂ ಗಂಡಸರೇ. ಹುಡುಗೀರೆಲ್ಲ ಪರೀಕ್ಷೆಯಲ್ಲಿ ಫೇಲಾದ್ರಾ?"

ಫೇಲಾಗಲಿಲ್ಲ. ಅವರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಆ ನಾಲ್ವರೂ ಓದಿದ್ದು ಶಾಲೆ ಬರೀ ಹುಡುಗರದ್ದಾಗಿದ್ದ ಕಾಲದಲ್ಲಿ. ಅದೇ ಊರಿನ ಬ್ರಾಂಕ್ಸ್‌ನಲ್ಲಿ ವಾಲ್ಟನ್ ಅಂತ ಹುಡುಗಿಯರ ಹೈಸ್ಕೂಲಿತ್ತು. ಅಲ್ಲಿ ಓದಿದ ರೊಸಾಲಿನ್ ಯಾಲೋಗೆ 1977ರಲ್ಲಿ, ಗರ್ಟ್ರೂಡ್ ಎಲಿಯನ್‌ಗೆ 1988ರಲ್ಲಿ ವೈದ್ಯಕೀಯದ ನೊಬೆಲ್ ಬಂತು. ಅಂದಮೇಲೆ ಬುದ್ಧಿಯ ಕೊರತೆ ಎಲ್ಲಿತ್ತು?

ಇದನ್ನು ಕೋರ್ಟಿಗೆ ಎಳೆದದ್ದು ಹದಿಮೂರು ವರ್ಷದ ಆಲಿಸ್ ಡಿ ರಿವೆರಾ. 1969ರಲ್ಲಿ, ಎಲಿನಾರ್ ಜಾಕ್ಸನ್ ಪೀಲ್ ಎಂಬ ವಕೀಲೆಯ ನೆರವಿನಿಂದ. ಶಿಕ್ಷಣ ಮಂಡಳಿ ಬಗ್ಗಿತು, ಅದೇ ವರ್ಷ ಹುಡುಗಿಯರು ಒಳಗೆ ಬಂದರು. ಆದರೆ ಅಷ್ಟರಲ್ಲಿ ಆಲಿಸ್ ಮನೆಯವರು ಊರು ಬಿಟ್ಟಿದ್ದರು. ಬಾಗಿಲು ತೆಗೆಸಿದವಳೇ ಆ ಶಾಲೆಯಲ್ಲಿ ಓದಲಿಲ್ಲ. ಮುಂದೆ ಡಾಕ್ಟರ್ ಆದಳು.

"ಸದ್ಯ, ನಮ್ಮಲ್ಲಿ ಹಂಗೇನಿಲ್ಲಪ್ಪ" ಅಂದೆವು ನಾವು. ಅವಳು ನಕ್ಕಳು. "ಫಸ್ಟ್ ಇಯರ್ ಫಿಟ್ಟಿಂಗ್ ಲ್ಯಾಬ್ ನೆನಪಿದೆಯಾ?"

ನೆನಪಿತ್ತು. ವೈಸಿಗೆ ಪ್ಲೇಟ್ ಕಟ್ಟಿದ್ದು ನಾವು, ಹ್ಯಾಕ್‌ಸಾ ಎಳೆದದ್ದು ನಾವು, ಫೈಲ್ ಉಜ್ಜಿದ್ದು ನಾವು. "ನಿನ್ನ ಅಕ್ಷರ ಚೆನ್ನಾಗಿದೆ, ರೆಕಾರ್ಡ್ ನೀನೇ ಬರಿ" ಅಂತ ಪುಸ್ತಕ ಅವಳ ಕೈಗೆ ಕೊಟ್ಟಿದ್ದೂ ನಾವೇ. ಕೆಟ್ಟ ಉದ್ದೇಶ ಇರಲಿಲ್ಲ. ಕೈಗೆ ಪೆಟ್ಟಾಗದಿರಲಿ ಅನ್ನೋ ಕಾಳಜಿ ಅಂತಲೇ ಅಂದ್ಕೊಂಡಿದ್ದೆವು. ವೈವಾದಲ್ಲಿ ಮೇಷ್ಟ್ರು ಫೈಲ್ ಹಿಡಿಯೋದು ಹೇಗೆ ಅಂತ ಕೇಳಿದಾಗ ಅವಳು ತಲೆ ತಗ್ಗಿಸಿ ನಿಂತಿದ್ದಳು. ಆಗ ನಾವು ಹಿಂದೆ ನಿಂತು ನಕ್ಕಿದ್ದೆವು ಕೂಡ.

ಸೀಟು ಕೊಟ್ಟು ಕೆಲಸ ಕೊಡದಿದ್ದರೆ ಬಾಗಿಲು ಅರ್ಧ ಮಾತ್ರ ತೆಗೆದ ಹಾಗೆ. ಆ ಶಾಲೆಯಲ್ಲಿ ಕನಿಷ್ಠ ನಿಯಮ ಅಂತ ಒಂದಿತ್ತು, ಅದರ ಮೇಲೆ ಕೇಸ್ ಹಾಕಬಹುದಿತ್ತು. ನಮ್ಮ ಒಳ್ಳೇತನದ ಮೇಲೆ ಯಾರು ಕೇಸ್ ಹಾಕ್ತಾರೆ?

ಮುಂದಿನ ಮಷೀನ್ ಶಾಪ್ ಲ್ಯಾಬಿನಲ್ಲಿ "ಇವತ್ತು ಲೇಥ್ ನಿನಗೇ" ಅಂತ ಉದಾರವಾಗಿ ಹೇಳಿದೆವು. "ದಾನ ಬೇಡ ಕಣ್ರೋ, ಸರದಿ ಹಾಕಿ" ಅಂದಳು. ಸರದಿ ಹಾಕಿದೆವು. ಅವಳು ಚಕ್ ಬಿಗಿ ಮಾಡಿದಳು, ನಾವು ರೆಕಾರ್ಡ್ ಬರೆದೆವು.

ಮೇಷ್ಟ್ರು ರೆಕಾರ್ಡ್ ವಾಪಸ್ ಕೊಟ್ಟಿದ್ದಾರೆ. ಅಕ್ಷರ ಅರ್ಥ ಆಗ್ತಿಲ್ವಂತೆ. ಮತ್ತೆ ಬರೀತಾ ಇದ್ದೀವಿ.