ಮನೆ ಪಾಲಾಯಿತು, ಮನಸ್ಸು?

2020ರ ಜನವರಿ 29. ಬ್ರಸೆಲ್ಸ್ ನಗರದ ಐರೋಪ್ಯ ಸಂಸತ್ತಿನ ಸಭಾಂಗಣ. ಬ್ರಿಟನ್ ಒಕ್ಕೂಟದಿಂದ ಹೊರಹೋಗುವ ಒಪ್ಪಂದವನ್ನು ಮತಕ್ಕೆ ಹಾಕಿದ್ದಾಯಿತು. ಪರವಾಗಿ 621, ವಿರುದ್ಧವಾಗಿ 49. ಫಲಿತಾಂಶ ಓದಿ ಮುಗಿಸುತ್ತಿದ್ದಂತೆ ಸದಸ್ಯರು ಎದ್ದು ನಿಂತರು, ಅಕ್ಕಪಕ್ಕದವರ ಕೈ ಹಿಡಿದರು, ಹಾಡತೊಡಗಿದರು. ಅದು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ 'ಆಲ್ಡ್ ಲ್ಯಾಂಗ್ ಸೈನ್'. ಹಳೆಯ ಗೆಳೆತನವನ್ನು ನೆನೆಯುವ ಈ ಹಾಡನ್ನು ಬ್ರಿಟನ್ನಿನ ಜನ ಹೊಸ ವರ್ಷದ ಮಧ್ಯರಾತ್ರಿಯಲ್ಲೂ ಬೀಳ್ಕೊಡುಗೆಯ ಹೊತ್ತಿನಲ್ಲೂ ಹಾಡುತ್ತಾರೆ. ಹಲವರ ಕಣ್ಣಲ್ಲಿ ನೀರಿತ್ತು. ಎರಡು ದಿನಗಳ ನಂತರ, ಜನವರಿ 31ರ ರಾತ್ರಿ, ಲಂಡನ್ನಿನಲ್ಲಿ ಗಡಿಯಾರ ಹನ್ನೊಂದು ಹೊಡೆದಾಗ 47 ವರ್ಷಗಳ ಸಂಬಂಧ ಕಾನೂನಿನ ಪ್ರಕಾರ ಮುಗಿಯಿತು.

ಕಾನೂನಿನ ಪ್ರಕಾರ ಮುಗಿಯಿತು, ನಿಜ. ಮನಸ್ಸಿನ ಮಾತೇನು?

ಅವಿಭಕ್ತ ಕುಟುಂಬ ಪಾಲಾಗುವುದನ್ನು ಕಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಪಾಲುಪಟ್ಟಿ ಬರೆದು ಸಹಿ ಹಾಕುವುದು ಒಂದು ದಿನದ ಕೆಲಸ. ಹೊಲ, ತೋಟ, ಪಾತ್ರೆಪಗಡಗಳನ್ನು ಹಂಚಬಹುದು. ಹಿತ್ತಲ ಬಾವಿಯ ನೀರಿನ ರುಚಿಯನ್ನು ಹೇಗೆ ಹಂಚುವುದು? ಅಣ್ಣನೊಡನೆ ಜಗಳವಾಡಿ ಬೇರೆಯಾದ ತಮ್ಮನೂ ಅಣ್ಣನ ಮಗಳ ಮದುವೆಗೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುವುದುಂಟು. ಬ್ರಿಟನ್ನಿನ ಜನ ಮತ್ತು ಯೂರೋಪಿನ ನಡುವೆ ಇಂದು ಉಳಿದಿರುವುದು ಹೆಚ್ಚುಕಡಿಮೆ ಇಂಥದೇ ನಂಟು.

2016ರ ಜೂನ್ 23ರಂದು ನಡೆದ ಜನಮತಗಣನೆಯಲ್ಲಿ ಶೇಕಡಾ 51.9 ಮಂದಿ ಹೊರಹೋಗೋಣವೆಂದರು, 48.1 ಮಂದಿ ಉಳಿಯೋಣವೆಂದರು. ಹೋಗೋಣವೆಂದವರೆಲ್ಲ ಯೂರೋಪಿನ ದ್ವೇಷಿಗಳಲ್ಲ. ನಮ್ಮ ಕಾನೂನನ್ನು ನಮ್ಮ ಸಂಸತ್ತೇ ಮಾಡಲಿ, ನಮ್ಮ ಕಡಲಿನ ಮೀನು ನಮ್ಮ ಬೆಸ್ತರಿಗೆ ಸಿಗಲಿ, ವಲಸೆಗೆ ಒಂದು ಮಿತಿ ಇರಲಿ ಎಂಬಂಥ ಕಾರಣಗಳು ಅವರಿಗಿದ್ದವು. ಬ್ರಸೆಲ್ಸಿನ ಕಚೇರಿಗಳ ಮೇಲೆ ಅವರಿಗೆ ಮುನಿಸು. ಅದೇ ಜನ ರಜೆ ಬಂತೆಂದರೆ ಸ್ಪೇನಿನ ಕಡಲತೀರಕ್ಕೆ ಹೊರಡುತ್ತಾರೆ, ಇಟಲಿಯ ಅಡುಗೆಯನ್ನು ಮನೆಯಲ್ಲಿ ಮಾಡಿಕೊಂಡು ಉಣ್ಣುತ್ತಾರೆ. ಒಕ್ಕೂಟ ಬೇರೆ, ಯೂರೋಪ್ ಬೇರೆ ಎಂಬುದು ಅವರ ವಾದ. ಈ ವಾದದಲ್ಲಿ ಎಷ್ಟು ಹುರುಳಿದೆ ಎಂಬುದನ್ನು ತಿಳಿಯಬೇಕಾದರೆ, ಪ್ರೀತಿ ಹುಟ್ಟಿದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ಒಬ್ಬ ವಿದ್ಯಾರ್ಥಿಯ ಪ್ರವಾಸ

ಬ್ರಿಟನ್ನನ್ನು 1973ರ ಜನವರಿ 1ರಂದು ಐರೋಪ್ಯ ಸಮುದಾಯಕ್ಕೆ ಸೇರಿಸಿದ ಪ್ರಧಾನಿ ಎಡ್ವರ್ಡ್ ಹೀತ್. ಕೆಂಟ್ ಪ್ರಾಂತ್ಯದ ಬಡಗಿಯೊಬ್ಬರ ಮಗ. ಸಂಗೀತದ ಪ್ರತಿಭೆಯಿಂದ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿವೇತನ ಗಳಿಸಿದವರು. ವಿದ್ಯಾರ್ಥಿಯಾಗಿದ್ದಾಗಲೇ, 1937ರಲ್ಲಿ, ಜರ್ಮನಿಗೆ ಹೋಗಿ ನ್ಯೂರೆಂಬರ್ಗಿನಲ್ಲಿ ಹಿಟ್ಲರನ ಬೃಹತ್ ಸಮಾವೇಶವನ್ನು ಕಣ್ಣಾರೆ ಕಂಡರು. ಮರುವರ್ಷ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಸ್ಪೇನಿಗೆ ಹೋದರು. 1939ರ ಬೇಸಗೆಯಲ್ಲಿ ಗೆಳೆಯನೊಬ್ಬನೊಡನೆ ಪೋಲೆಂಡಿಗೆ ಹೋಗಿ, ಯುದ್ಧ ಶುರುವಾಗುವುದಕ್ಕೆ ಕೆಲವೇ ದಿನಗಳ ಮುಂಚೆ ಊರು ಸೇರಿಕೊಂಡರು. ಆಮೇಲೆ ಅದೇ ನೆಲದಲ್ಲಿ ಫಿರಂಗಿದಳದ ಅಧಿಕಾರಿಯಾಗಿ ಯುದ್ಧ ಮಾಡಿದರು.

ಇಪ್ಪತ್ತು ಇಪ್ಪತ್ತೆರಡರ ಹರೆಯದಲ್ಲಿ ಕಂಡದ್ದು ಬಾಳಿಡೀ ಉಳಿಯುತ್ತದೆ. 1950ರಲ್ಲಿ ಸಂಸತ್ತಿನಲ್ಲಿ ಮಾಡಿದ ಚೊಚ್ಚಲ ಭಾಷಣದಲ್ಲೇ ಹೀತ್ ಅವರು ಯೂರೋಪಿನೊಡನೆ ಕೂಡಿ ನಡೆಯಬೇಕೆಂದು ವಾದಿಸಿದರು. ಫ್ರಾನ್ಸಿನ ಅಧ್ಯಕ್ಷ ದಗಾಲ್ 1963ರಲ್ಲೊಮ್ಮೆ, 1967ರಲ್ಲಿ ಮತ್ತೊಮ್ಮೆ ಬ್ರಿಟನ್ನಿಗೆ ಬಾಗಿಲು ತೆರೆಯಲು ಒಪ್ಪಲಿಲ್ಲ. ಕೊನೆಗೆ 1971ರ ಅಕ್ಟೋಬರ್ 28ರಂದು ಬ್ರಿಟನ್ನಿನ ಸಂಸತ್ತು ಸೇರ್ಪಡೆಗೆ ಒಪ್ಪಿತು. ಆ ರಾತ್ರಿ ಹೀತ್ ಅವರು ತಮ್ಮ ಅಧಿಕೃತ ನಿವಾಸಕ್ಕೆ ಮರಳಿ, ಕ್ಲಾವಿಕಾರ್ಡ್ ಎಂಬ ಹಳೆಯ ಕಾಲದ ವಾದ್ಯದ ಮುಂದೆ ಕುಳಿತು, ಜರ್ಮನಿಯ ಬಾಖ್‌ನ ಒಂದು ಪುಟ್ಟ ಕೃತಿಯನ್ನು ನುಡಿಸಿದರು.

ಯೂರೋಪಿನ ಎಳೆಯರೆಲ್ಲ ಕೂಡಿ ನುಡಿಸುವ ಒಂದು ವಾದ್ಯವೃಂದ 1970ರ ದಶಕದಲ್ಲಿ ಹುಟ್ಟಿಕೊಂಡಾಗ ಅದಕ್ಕೆ ಹೀತ್ ಅವರೇ ಮೊದಲ ಅಧ್ಯಕ್ಷರಾದರು. ಲಂಡನ್ನಿನಲ್ಲಿದ್ದ ಅದರ ಕಚೇರಿ ಬ್ರೆಕ್ಸಿಟ್ ತೀರ್ಮಾನದ ನಂತರ, 2018ರಲ್ಲಿ, ಇಟಲಿಗೆ ಸ್ಥಳಾಂತರವಾಯಿತು. ಹೀತ್ ಅವರು ಅದನ್ನು ನೋಡಲು ಬದುಕಿರಲಿಲ್ಲ.

ಮೇಷ್ಟರು ಕಲಿಸಿದ ಭಾಷೆ

ಇನ್ನೊಬ್ಬರ ಕಥೆ ಇನ್ನೂ ಸ್ವಾರಸ್ಯವಾದುದು. ಗೂಢಚಾರರ ಕಾದಂಬರಿಗಳಿಂದ ಜಗತ್ತಿಗೆಲ್ಲ ಪರಿಚಿತರಾದ ಜಾನ್ ಲ ಕಾರೆ, ನಿಜನಾಮ ಡೇವಿಡ್ ಕಾರ್ನ್‌ವೆಲ್, ಹುಟ್ಟಿದ್ದು 1931ರಲ್ಲಿ. ಜರ್ಮನಿ ಎಂದರೆ ಶತ್ರು ಎಂದು ಇಡೀ ದೇಶ ಹೇಳುತ್ತಿದ್ದ ಯುದ್ಧಕಾಲದಲ್ಲಿ ಅವರು ಶಾಲೆಯ ಹುಡುಗ. ಅಂಥ ಹೊತ್ತಿನಲ್ಲೂ ಜರ್ಮನ್ ಪಾಠ ಹೇಳುತ್ತಿದ್ದ ಮೇಷ್ಟರೊಬ್ಬರು ಆ ಭಾಷೆಯ ಸೊಗಸನ್ನು, ಅದರ ಸಾಹಿತ್ಯವನ್ನು ಹುಡುಗರ ಕಿವಿಗೆ ತಲುಪಿಸುವುದನ್ನು ಬಿಡಲಿಲ್ಲ. ಬಾಂಬು ಹಾಕಿದವರ ಭಾಷೆಯೇ ಇಷ್ಟು ಚೆಂದದ ಕವಿತೆಗಳನ್ನೂ ಕೊಟ್ಟಿದೆ ಎಂಬುದು ಹುಡುಗನ ಮನಸ್ಸಿನಲ್ಲಿ ನಾಟಿತು.

ಆ ಹುಡುಗ ಹದಿನಾರು ಹದಿನೇಳರ ವಯಸ್ಸಿಗೇ ಸ್ವಿಟ್ಜರ್ಲೆಂಡಿನ ಬರ್ನ್ ನಗರಕ್ಕೆ ಹೋಗಿ ಜರ್ಮನ್ ಓದಿದ. ಮುಂದೆ ಈಟನ್ ಶಾಲೆಯಲ್ಲಿ ಅದನ್ನೇ ಕಲಿಸಿದ, ಬಾನ್ ನಗರದಲ್ಲಿ ರಾಜತಾಂತ್ರಿಕ ಅಧಿಕಾರಿಯ ವೇಷದಲ್ಲಿ ಗುಪ್ತಚರನಾದ, ಬರ್ಲಿನ್ ಗೋಡೆಯ ನೆರಳಿನ ಕಥೆ ಬರೆದು 1963ರಲ್ಲಿ ಹೆಸರು ಮಾಡಿದ. ಭಾಷೆ ಕಲಿಯುವುದು ಗೆಳೆತನದ ಕೆಲಸ ಎಂದು ಲ ಕಾರೆ ಇಳಿವಯಸ್ಸಿನಲ್ಲೂ ಹೇಳುತ್ತಿದ್ದರು.

ಬ್ರೆಕ್ಸಿಟ್ ಅವರನ್ನು ಬಹಳವಾಗಿ ನೋಯಿಸಿತು. ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಅವರ ಅಜ್ಜಿ ಐರ್ಲೆಂಡಿನ ಕಾರ್ಕ್ ಸೀಮೆಯವರು. ಅಜ್ಜ ಅಥವಾ ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮೊಮ್ಮಗ ಅಲ್ಲಿನ ಪೌರನಾಗಬಹುದು. ಇಂಗ್ಲಿಷ್‌ತನವನ್ನೇ ಬಾಳಿಡೀ ಬಗೆದು ಬರೆದ ಆ ಲೇಖಕ ಎಂಬತ್ತು ದಾಟಿದ ಮೇಲೆ ಐರ್ಲೆಂಡಿನ ಪೌರತ್ವ ಪಡೆದು, 2020ರ ಡಿಸೆಂಬರಿನಲ್ಲಿ ಯೂರೋಪಿಗನಾಗಿಯೇ ಕಣ್ಣು ಮುಚ್ಚಿದರು. ಈ ವಿಷಯ ಹೊರಬಿದ್ದದ್ದು ಮಗನ ಮಾತಿನಿಂದ, ಮರುವರ್ಷ.

ಸುಟ್ಟ ಊರುಗಳ ಸ್ನೇಹ

ವ್ಯಕ್ತಿಗಳ ಮಾತಾಯಿತು, ಊರುಗಳದೂ ಒಂದು ಮಾತಿದೆ. ಇಂಗ್ಲೆಂಡಿನ ಕವೆಂಟ್ರಿ ನಗರದ ಮೇಲೆ 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಬಾಂಬಿನ ಮಳೆ ಸುರಿಸಿದವು. ಐನೂರಕ್ಕೂ ಹೆಚ್ಚು ಜನ ಸತ್ತರು, ಶತಮಾನಗಳಷ್ಟು ಹಳೆಯ ಮಹಾಚರ್ಚು ಉರಿದು ಗೋಡೆಗಳಷ್ಟೇ ನಿಂತವು. ಬೂದಿಯಲ್ಲಿ ಸಿಕ್ಕ, ಮಧ್ಯಯುಗದ ಛಾವಣಿಯ ಮೊಳೆಗಳನ್ನು ಜೋಡಿಸಿ ಶಿಲುಬೆ ಮಾಡಿದರು. ಮುರಿದ ಗೋಡೆಯ ಮೇಲೆ ಕ್ಷಮೆ ಬೇಡುವ ಎರಡೇ ಪದಗಳನ್ನು ಕೆತ್ತಿಸಿದರು. ಅದರಲ್ಲಿ 'ಅವರನ್ನು' ಎಂಬ ಮಾತಿಲ್ಲ. ಕ್ಷಮೆ ಬೇಕಾಗಿರುವುದು ಎಲ್ಲರಿಗೂ ಎಂಬುದು ಅದರ ಇಂಗಿತ.

1945ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ಜರ್ಮನಿಯ ಡ್ರೆಸ್ಡೆನ್ ನಗರವನ್ನು ಸುಟ್ಟವು. ಅಲ್ಲಿ ಸತ್ತವರು ಸುಮಾರು ಇಪ್ಪತ್ತೈದು ಸಾವಿರ. 1959ರಲ್ಲಿ ಈ ಎರಡು ಊರುಗಳು ಜೊತೆಯೂರುಗಳಾದವು. ಕುಸಿದಿದ್ದ ಡ್ರೆಸ್ಡೆನ್ನಿನ ಫ್ರೌವನ್‌ಕಿರ್ಖೆ ಚರ್ಚನ್ನು ಮತ್ತೆ ಕಟ್ಟುವಾಗ ಬ್ರಿಟನ್ನಿನ ಜನ ಹಣ ಕೂಡಿಸಿ ಗುಮ್ಮಟದ ನೆತ್ತಿಗೆ ಬಂಗಾರ ಬಣ್ಣದ ಗೋಳ ಮತ್ತು ಶಿಲುಬೆ ಮಾಡಿಸಿಕೊಟ್ಟರು. ಅದನ್ನು ಮಾಡಿದ ಲಂಡನ್ನಿನ ಅಕ್ಕಸಾಲಿಗನ ತಂದೆ, ಅಂದು ಡ್ರೆಸ್ಡೆನ್ನಿನ ಮೇಲೆ ಬಾಂಬು ಹಾಕಲು ಹೋದ ವಿಮಾನವೊಂದರ ಚಾಲಕ! ಅಪ್ಪ ಸುಟ್ಟ ಊರಿಗೆ ಮಗ ಕಳಶ ಮಾಡಿಕೊಟ್ಟ. 2005ರ ಅಕ್ಟೋಬರ್ 30ರಂದು ಆ ಚರ್ಚು ಮತ್ತೆ ಪ್ರತಿಷ್ಠಾಪನೆಗೊಂಡಿತು.

ಓದುಗರು ಗಮನಿಸಬೇಕಾದ ಮಾತೊಂದಿದೆ. ಇದೇ ಕವೆಂಟ್ರಿ 2016ರಲ್ಲಿ ಶೇಕಡಾ 55ಕ್ಕೂ ಹೆಚ್ಚು ಮತಗಳಿಂದ ಒಕ್ಕೂಟ ಬಿಡೋಣವೆಂದಿತು. ಆದರೆ ಡ್ರೆಸ್ಡೆನ್ನಿನ ನಂಟನ್ನು ಬಿಡಲಿಲ್ಲ. ಮೊಳೆಯ ಶಿಲುಬೆ ಹಾಗೇ ಇದೆ, ಗೋಡೆಯ ಮಾತೂ ಹಾಗೇ ಇದೆ. ಒಕ್ಕೂಟ ಬೇರೆ, ಯೂರೋಪ್ ಬೇರೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನೀಲಿ ಪಾಸ್‌ಪೋರ್ಟ್, ಅಜ್ಜಿಯ ಊರು

ಒಕ್ಕೂಟದಿಂದ ಹೊರಬಂದ ಗುರುತಿಗೆ ಬ್ರಿಟನ್ 2020ರಿಂದ ತನ್ನ ಹಳೆಯ ನೀಲಿ ಬಣ್ಣದ ಪಾಸ್‌ಪೋರ್ಟನ್ನು ಮರಳಿ ತಂದಿತು. ಅದನ್ನು ತಯಾರಿಸುವ ಗುತ್ತಿಗೆ ಸಿಕ್ಕಿದ್ದು ಫ್ರಾನ್ಸ್ ಮೂಲದ ಕಂಪನಿಗೆ, ಪುಸ್ತಕಗಳು ತಯಾರಾದದ್ದು ಪೋಲೆಂಡಿನಲ್ಲಿ. ಹೊಸ ಪಾಸ್‌ಪೋರ್ಟಿನವರು ಯೂರೋಪಿನ ಬಹುತೇಕ ದೇಶಗಳಲ್ಲಿ, ಎಲ್ಲ ಸೇರಿ, 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಮೊದಲಾದರೆ ಬೇಕಾದಷ್ಟು ಕಾಲ ಇರಬಹುದಿತ್ತು, ಓದಬಹುದಿತ್ತು, ದುಡಿಯಬಹುದಿತ್ತು, ಮದುವೆಯಾಗಿ ಮನೆ ಕಟ್ಟಬಹುದಿತ್ತು.

ಆಗ ಜನ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ತೆರೆದು ಅಜ್ಜಅಜ್ಜಿಯರ ಜನ್ಮಪತ್ರ ಹುಡುಕತೊಡಗಿದರು. ಐರ್ಲೆಂಡಿನ ಪಾಸ್‌ಪೋರ್ಟಿಗೆ ಅರ್ಜಿಗಳು ಹೆಚ್ಚಿದವು. ಹೊರಹೋಗುವ ಚಳವಳಿಯ ಮುಂಚೂಣಿಯಲ್ಲಿದ್ದ ಪ್ರಧಾನಿ ಬೋರಿಸ್ ಜಾನ್ಸನ್ನರ ತಂದೆ ಸ್ಟ್ಯಾನ್ಲಿ ಜಾನ್ಸನ್ನರೇ ತಾಯಿಯ ಕಡೆಯ ಫ್ರೆಂಚ್ ಮೂಲ ತೋರಿಸಿ 2022ರಲ್ಲಿ ಫ್ರಾನ್ಸಿನ ಪೌರತ್ವ ಪಡೆದರು.

ಇವೆಲ್ಲಕ್ಕಿಂತ ಮನ ಕಲಕುವ ಅರ್ಜಿಗಳು ಲಂಡನ್ನಿನ ಜರ್ಮನ್ ರಾಯಭಾರ ಕಚೇರಿಗೆ ಬಂದವು. ನಾಜಿಗಳು ಪೌರತ್ವ ಕಿತ್ತುಕೊಂಡು ಓಡಿಸಿದ ಯೆಹೂದಿಗಳ ಮಕ್ಕಳು ಮೊಮ್ಮಕ್ಕಳು ಅದನ್ನು ಮರಳಿ ಪಡೆಯಬಹುದೆಂದು ಜರ್ಮನಿಯ ಸಂವಿಧಾನದ 116ನೆಯ ವಿಧಿ ಹೇಳುತ್ತದೆ. 2015ರಲ್ಲಿ ಬ್ರಿಟನ್ನಿನಿಂದ ಹೀಗೆ ಕೇಳಿದವರು ಐವತ್ತು ಜನರೂ ಇಲ್ಲ. 2017ರಲ್ಲಿ ಸಂಖ್ಯೆ ಸಾವಿರದೈನೂರು ದಾಟಿತು. ಅಜ್ಜಿ ಜೀವ ಉಳಿಸಿಕೊಳ್ಳಲು ಬಿಟ್ಟು ಬಂದ ದೇಶದ ಪಾಸ್‌ಪೋರ್ಟಿಗೆ ಮೊಮ್ಮಗಳು ಸಹಿ ಹಾಕುವಾಗ ಆ ಮನೆಯಲ್ಲಿ ಏನೇನು ಮಾತು ನಡೆದಿರಬಹುದು! ಕೆಲವರಿಗೆ ಅದು ಅನುಕೂಲ, ಕೆಲವರಿಗೆ ಗಾಯ ಮಾಯುವ ದಾರಿ, ಇನ್ನು ಕೆಲವರಿಗೆ ಸತ್ತವರಿಗೆ ಬಗೆದ ದ್ರೋಹ.

ಮಕ್ಕಳ ಪಾಲಿಗೆ ಬಂದದ್ದು

ಅನುಭವ ಇದ್ದವರಿಗೆ ನೆನಪಾದರೂ ಉಂಟು. ಎಳೆಯರಿಗೆ? ಜನಮತಗಣನೆಯಲ್ಲಿ ಮತ ಹಾಕಿದ 18ರಿಂದ 24 ವಯಸ್ಸಿನವರಲ್ಲಿ ಹತ್ತಕ್ಕೆ ಏಳು ಮಂದಿ ಉಳಿಯೋಣವೆಂದಿದ್ದರು ಎಂದು ಸಮೀಕ್ಷೆಗಳು ಹೇಳಿದವು. ಅರವತ್ತೈದು ದಾಟಿದವರಲ್ಲಿ ಹೆಚ್ಚಿನವರು ಹೋಗೋಣವೆಂದರು. ಎಷ್ಟೋ ಮನೆಗಳಲ್ಲಿ ಊಟದ ಮೇಜಿನ ಎರಡು ಬದಿಗಳಲ್ಲಿ ಎರಡು ಅಭಿಪ್ರಾಯ. ಹಿರಿಯರ ತೀರ್ಮಾನದೊಡನೆ ಹೆಚ್ಚು ಕಾಲ ಬಾಳಬೇಕಾದವರು ಕಿರಿಯರು.

ಅವರು ಕಳೆದುಕೊಂಡದ್ದರಲ್ಲಿ ಮುಖ್ಯವಾದುದು 'ಎರಾಸ್ಮಸ್' ಯೋಜನೆ. 1987ರಲ್ಲಿ ಆರಂಭವಾದ ಈ ಏರ್ಪಾಟಿನಲ್ಲಿ ಒಂದು ದೇಶದ ವಿದ್ಯಾರ್ಥಿ ಇನ್ನೊಂದು ದೇಶದ ವಿಶ್ವವಿದ್ಯಾಲಯದಲ್ಲಿ ಕೆಲವು ತಿಂಗಳು ಓದಿ ಬರಬಹುದು. ಅಲ್ಲಿ ಹೆಚ್ಚುವರಿ ಶುಲ್ಕ ಕಟ್ಟಬೇಕಿಲ್ಲ, ಖರ್ಚಿಗೂ ಒಂದಿಷ್ಟು ನೆರವು. ಹೆಸರೂ ಅರ್ಥಪೂರ್ಣ. ಹದಿನಾರನೆಯ ಶತಮಾನದ ವಿದ್ವಾಂಸ ಎರಾಸ್ಮಸ್ ರಾಟರ್‌ಡ್ಯಾಮಿನವನು. ಪ್ಯಾರಿಸ್ಸಿನಲ್ಲಿ ಓದಿ, ಇಟಲಿಯಲ್ಲಿ ಅಲೆದು, ಕೇಂಬ್ರಿಜ್ಜಿನಲ್ಲಿ ಗ್ರೀಕ್ ಕಲಿಸಿ, ಬಾಸೆಲ್ ನಗರದಲ್ಲಿ ಕೊನೆಯುಸಿರೆಳೆದವನು. ಅವನ ಹೆಸರಾಂತ ಕೃತಿ 'ಮೂರ್ಖತನದ ಸ್ತುತಿ' ರೂಪುಗೊಂಡದ್ದು ಲಂಡನ್ನಿನ ಗೆಳೆಯ ಥಾಮಸ್ ಮೋರ್‌ನ ಮನೆಯಲ್ಲಿ.

2020ರ ಕೊನೆಗೆ ಬ್ರಿಟನ್ ಈ ಯೋಜನೆಯನ್ನೂ ಬಿಟ್ಟಿತು. ಬದಲಿಗೆ 2021ರಲ್ಲಿ ಟ್ಯೂರಿಂಗ್ ಹೆಸರಿನ ಯೋಜನೆ ತಂದಿತು. ಅದರಲ್ಲಿ ಯೂರೋಪಿನಾಚೆಯ ದೇಶಗಳಿಗೂ ಹೋಗಬಹುದು, ಅದು ಒಳ್ಳೆಯದೇ. ಆದರೆ ಅದು ಹೊರಗಿನಿಂದ ಬರುವವರಿಗೆ ನೆರವು ಕೊಡಲಿಲ್ಲ. ಒಂದೇ ಕಡೆಗೆ ತೆರೆಯುವ ಬಾಗಿಲು. ಯೂರೋಪಿನ ವಿದ್ಯಾರ್ಥಿಗಳು ಬ್ರಿಟನ್ನಿನಲ್ಲಿ ಓದಲು ವಿದೇಶಿಯರ ದುಬಾರಿ ಶುಲ್ಕ ಕಟ್ಟಬೇಕಾಯಿತು. ಹೊಸದಾಗಿ ಬರುವವರ ಸಂಖ್ಯೆ 2021ರಲ್ಲಿ ಅರ್ಧಕ್ಕಿಳಿಯಿತು. ಅದೇ ವರ್ಷ ಯೂರೋಪಿನವರು ಗುರುತಿನ ಚೀಟಿ ತೋರಿಸಿ ಬ್ರಿಟನ್ನಿಗೆ ಬರುವುದೂ ನಿಂತಿತು. ಪಾಸ್‌ಪೋರ್ಟ್ ಇಲ್ಲದ ಫ್ರಾನ್ಸಿನ ಶಾಲಾಮಕ್ಕಳ ಪ್ರವಾಸಗಳು ಇಳಿಮುಖವಾದವು. ಬಂದ ಮಕ್ಕಳನ್ನು ತಮ್ಮ ಮನೆಗಳಲ್ಲಿ ಇಳಿಸಿಕೊಂಡು ತಿಂಡಿ ಊಟ ಹಾಕುತ್ತಿದ್ದ ಇಂಗ್ಲಿಷ್ ಮನೆಯವರಿಗೂ ಅತಿಥಿಗಳಿಲ್ಲವಾದರು.

ಪ್ರೀತಿಗೆ ಪಾಸ್‌ಪೋರ್ಟ್ ಬೇಡ ಎನ್ನುವುದು ಕೇಳಲು ಚೆನ್ನ. ಆದರೆ ನೋಡದ ಊರನ್ನು, ಕೇಳದ ಭಾಷೆಯನ್ನು, ಒಟ್ಟಿಗೆ ಉಣ್ಣದ ಜನರನ್ನು ಯಾರೂ ತಾವಾಗಿ ಪ್ರೀತಿಸುವುದಿಲ್ಲ. ಹೀತ್ ಅವರಿಗೆ ಅದು ಬಂದದ್ದು ಪ್ರವಾಸದಿಂದ, ಲ ಕಾರೆಗೆ ಮೇಷ್ಟರಿಂದ, ಕವೆಂಟ್ರಿಗೆ ನೋವಿನಿಂದ. ಹಿರಿಯರ ಪೀಳಿಗೆಗೆ ಸಿಕ್ಕ ದಾರಿಗಳು ಕಿರಿಯರಿಗೆ ಮುಚ್ಚಿದರೆ, ಆ ಹಿರಿಯರೊಂದಿಗೇ ಈ ಪ್ರೀತಿಯೂ ಮುಗಿಯುತ್ತದೆ. ಒಕ್ಕೂಟ ಬಿಟ್ಟರೂ ಯೂರೋಪನ್ನು ಬಿಡಲಿಲ್ಲ ಎನ್ನುವವರು ಉತ್ತರ ಕೊಡಬೇಕಾದ ಪ್ರಶ್ನೆ ಇದೇ.

ಉತ್ತರ ನಿಧಾನವಾಗಿ ಬರುತ್ತಿರುವಂತಿದೆ. 2023ರ ಕೊನೆಯಲ್ಲಿ ಫ್ರಾನ್ಸಿನ ಶಾಲಾಮಕ್ಕಳ ತಂಡಗಳಿಗೆ ಗುರುತಿನ ಚೀಟಿಯ ಮೇಲೆ ಬರಲು ಮತ್ತೆ ಅವಕಾಶ ಸಿಕ್ಕಿತು. 2024ರ ಆರಂಭದಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಯೂರೋಪಿನ 'ಹೊರೈಜನ್' ಸಂಶೋಧನಾ ಯೋಜನೆಗೆ ಮರಳಿದರು. ಎರಾಸ್ಮಸ್ ಯೋಜನೆಗೆ 2027ರಲ್ಲಿ ಬ್ರಿಟನ್ ಮರಳಿ ಸೇರುವುದೆಂದು 2025ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಒಕ್ಕೂಟಕ್ಕೆ ಮರಳುವ ಮಾತು ಅದರಲ್ಲಿಲ್ಲ. ಮನೆ ಬೇರೆಯಾಗಿಯೇ ಉಳಿದು, ಹಿತ್ತಲ ಬಾಗಿಲ ಅಗುಳಿಯನ್ನಷ್ಟೇ ತೆಗೆದಂತೆ. ಆ ಬಾಗಿಲಿನಿಂದ ಮೊದಲು ಹೊರಡುವ ಇಪ್ಪತ್ತರ ಹರೆಯದ ಹುಡುಗಹುಡುಗಿಯರಿಗೆ ಜನಮತಗಣನೆ ನಡೆದ ದಿನ ಒಂಬತ್ತು ವರ್ಷ. ಅಂದು ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ.