ಗೆರೆ ಓಡ್ತದ, ಮಾತು ಬರಂಗಿಲ್ಲ

ಬ್ಲೂಟೂತ್ ಇಯರ್‌ಬಡ್ ಕಟ್ ಕಟ್ ಆದರೆ ನಮ್ಮ ಹಾಸ್ಟೆಲಿನಲ್ಲಿ ಮೂರೇ ಮದ್ದು. ಫೋನ್ ರೀಸ್ಟಾರ್ಟ್ ಮಾಡು. ಅನ್‌ಪೇರ್ ಮಾಡಿ ಮತ್ತೆ ಪೇರ್ ಮಾಡು. ಅದಕ್ಕೂ ಬಗ್ಗದಿದ್ದರೆ, "ಲೋಕಲ್ ಮಾಲ್ ತಗೊಂಡ್ರೆ ಹಿಂಗೇ ಮಗಾ, ಹೊಸದು ತಗೋ." ಎಲೆಕ್ಟ್ರಾನಿಕ್ಸ್ ಓದುವ ನಾವೂ ಇದಕ್ಕಿಂತ ಮುಂದೆ ಹೋಗುವುದಿಲ್ಲ. ಯಾಕಂದ್ರೆ ನಮಗೆ ತಪ್ಪಿಹೋಗುವುದು ಯಾವುದೋ ಹಾಡಿನ ಅರ್ಧ ಸಾಲು, ಅಷ್ಟೇ. ನಮ್ಮಕ್ಕನಿಗೆ ತಪ್ಪಿಹೋಗುತ್ತಿದ್ದದ್ದು ಬೇರೆ.

ನಮ್ಮೂರು ನಾಲವಾರ. ವಾಡಿ ಜಂಕ್ಷನ್ನಿನಿಂದ ರಾಯಚೂರು ಕಡೆಗೆ ಹೊರಟ ರೈಲಿನಲ್ಲಿ ಕೂತರೆ ಸ್ವಲ್ಪ ಹೊತ್ತಿಗೇ ಬರುವ ಸಣ್ಣ ಸ್ಟೇಷನ್. ಕೋರಿಸಿದ್ಧೇಶ್ವರ ಮಠಕ್ಕೆ ಬರುವವರು, ಸನ್ನತಿ ಕಡೆ ಹೋಗುವವರು ಇಳಿಯುತ್ತಾರೆ. ಉಳಿದವರಿಗೆ ಅದು ಕಿಟಕಿಯಾಚೆ ದಾಟಿಹೋಗುವ ಒಂದು ಹಳದಿ ಬೋರ್ಡು. ಸುತ್ತ ಎಲ್ಲಿ ನೋಡಿದರೂ ತೊಗರಿ. 2019ರಲ್ಲಿ ನಮ್ಮ ಕಲಬುರಗಿ ತೊಗರಿಬ್ಯಾಳಿಗೆ ಜಿಐ ಟ್ಯಾಗ್ ಸಿಕ್ಕಿತು. ಸುದ್ದಿ ಓದಿ ಹೇಳಿದಾಗ ನಮ್ಮಪ್ಪ, "ಟ್ಯಾಗ್ ಬಂತು, ರೇಟ್ ಯಾವಾಗ ಬರ್ತದಂತ?" ಅಂದಿದ್ದ. ಅದು ಇರಲಿ.

ಅಕ್ಕ ಬಿ.ಎ. ಮುಗಿಸಿ ಸರ್ಕಾರಿ ಪರೀಕ್ಷೆಗೆ ಓದುತ್ತಾಳೆ. ಕೋಚಿಂಗಿಗೆ ಕಲಬುರಗಿಯಲ್ಲಿ ರೂಮ್ ಮಾಡಿ ಇರುವಷ್ಟು ದುಡ್ಡು ಮನೆಯಲ್ಲಿ ಇಲ್ಲ. ಹಂಗಾಗಿ ಅವಳ ಕೋಚಿಂಗ್ ಅಂದ್ರೆ ಫೋನಿನಲ್ಲಿರುವ ಪಾಠದ ವಿಡಿಯೋಗಳು. ಹಗಲು ತೊಗರಿ ಕೊಯ್ಯುವಾಗ ಕಿವಿಗೆ ಒಂದು ಬಡ್ ಸಿಗಿಸಿಕೊಂಡು ಕೇಳುತ್ತಾಳೆ, ರಾತ್ರಿ ನೆನಪಿನಿಂದ ನೋಟ್ಸ್ ಬರೆಯುತ್ತಾಳೆ. ಅಪ್ಪ ಒಂದು ಮಾತು ಹೇಳಿಯಾಗಿದೆ: "ಇದೊಂದು ಸಲ ನೋಡಮು, ಆಮ್ಯಾಲ ಲಗ್ನ." ಅಪ್ಪ ಕೆಟ್ಟವನಲ್ಲ, ಊರಿನ ಬಾಯಿಗೆ ಹೆದರುವವನು.

ಜನವರಿ ರಜೆಗೆ ಊರಿಗೆ ಹೋದಾಗ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಅಲ್ಲಲ್ಲಿ ಖಾಲಿ ಜಾಗ. ಕಲ್ಯಾಣ ಕರ್ನಾಟಕದವರಾದ ನಮಗೆ ಬಾಯಿಪಾಠ ಇರಬೇಕಾದ 371ಜೆ ಪುಟದಲ್ಲೇ, "ಸಂವಿಧಾನದ ___ನೇ ತಿದ್ದುಪಡಿ, 20__" ಅಂತ ಬರೆದಿದ್ದಳು. 98ನೇ ತಿದ್ದುಪಡಿ, 2012 ಅಂತ ನಾನು ತುಂಬಿಸಿದೆ. ಅಕ್ಕ ನಕ್ಕಳು.

"ನಂಗ ಮರ್ತಿಲ್ಲ ತಮ್ಮಾ. ಸರ್ ಹೇಳೂ ಹೊತ್ತಿಗೇ ಕಟ್ ಆತು. ಅಂಕಿ ಹೋದ್ರ ಹೋಗ್ಲಿ, ಖಾಲಿ ಬಿಡ್ತೀನಿ. 'ಅನ್ವಯ ಆಗೋದಿಲ್ಲ' ಅನ್ನೂದ್ರಾಗ 'ಇಲ್ಲ' ಹೋದ್ರ ಏನ್ ಮಾಡ್ಲಿ? ಅದು ಹೋಗ್ಯಾದ ಅಂತನೂ ಗೊತ್ತಾಗಂಗಿಲ್ಲ."

ನಾಲ್ಕನೇ ಸೆಮ್‌ನಲ್ಲಿ ನಾವು ಓದುವ ಬಿಟ್ ಎರರ್ ಬಗ್ಗೆ ಇದಕ್ಕಿಂತ ಚಲೋ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ವಾಡಿಯ ಒಂದು ಮೊಬೈಲ್ ಅಂಗಡಿಯಲ್ಲಿ ಅವಳು ತೋರಿಸಿದ್ದಳಂತೆ. ಅವರು ರಿಸೆಟ್ ಮಾಡಿಕೊಟ್ಟು, ಸರಿ ಆಗದಿದ್ದರೆ ಹೊಸದು ತಗೊಳ್ರಿ ಅಂದಿದ್ದರು. ಊರಿನವರು "ನಮ್ಮ ಕಡಿ ಟವರ್ ಸರಿ ಇಲ್ಲ, ಅದಕ್ಕ" ಅಂದರು. ಅಕ್ಕನ ಅನುಮಾನ ರೈಲಿನ ತಂತಿ ಮೇಲೆ. ನಮ್ಮ ಹೊಲದಿಂದ ಹಳಿ ಕಾಣುತ್ತದೆ, ಮೇಲೆ 25,000 ವೋಲ್ಟಿನ ಲೈನ್. "ಅಷ್ಟು ಕರೆಂಟ್ ಇದ್ದಲ್ಲಿ ಇದು ನಡೀತದೇನು?" ಅಂತ ಕೇಳಿದಳು.

ನಾನು ಕೇಳಿದ ಮೊದಲ ಪ್ರಶ್ನೆ: "ಅಕ್ಕಾ, ಮಾತು ನಿಂತಾಗ ವಿಡಿಯೋ ಕೆಳಗಿನ ಕೆಂಪು ಗೆರೆ ಓಡ್ತದೋ, ನಿಲ್ತದೋ?"

ಮರುದಿನ ನೋಡಿ ಬಂದು ಹೇಳಿದಳು: "ಗೆರೆ ಓಡ್ತದ, ಮಾತು ಬರಂಗಿಲ್ಲ."

ಅರ್ಧ ರೋಗ ಇಲ್ಲೇ ಗೊತ್ತಾಯಿತು. ಟವರ್ ಸರಿ ಇಲ್ಲದೆ ನಿಂತರೆ ಗೆರೆಯೂ ನಿಲ್ಲುತ್ತದೆ, ಚಕ್ರ ತಿರುಗುತ್ತದೆ. ಆಮೇಲೆ ಮಾತು ಬಿಟ್ಟಲ್ಲಿಂದಲೇ ಬರುತ್ತದೆ. ಅಲ್ಲಿ ಮಾತು ತಡ ಆಗುತ್ತದೆ, ಸಾಯುವುದಿಲ್ಲ. ಗೆರೆ ಓಡುತ್ತಿದ್ದು ಮಾತು ಬರದಿದ್ದರೆ ಫೋನ್ ತನ್ನ ಕೆಲಸ ಮಾಡಿದೆ, ಫೋನಿನಿಂದ ಕಿವಿಯವರೆಗಿನ ಒಂದು ಮೀಟರ್ ದಾರಿಯಲ್ಲಿ ಪ್ಯಾಕೆಟ್ ಕಳೆದುಹೋಗಿದೆ. ಬ್ಲೂಟೂತ್ ಕಳೆದದ್ದನ್ನು ಮತ್ತೆ ಕಳಿಸಲು ನೋಡುತ್ತದೆ, ಆದರೆ ಬಡ್‌ನ ಬಫರ್ ಸಣ್ಣದು. ಅದು ಬರಿದಾಗುವುದರೊಳಗೆ ತಲುಪದ ಮಾತು ಹೋದದ್ದು ಹೋದಂತೆಯೇ. ಇನ್ನೊಂದು ಜಾತಿ ಇದೆ: ಸ್ಕ್ರೀನ್ ಆಫ್ ಆಗಿ ಒಂದಿಷ್ಟು ಹೊತ್ತಿಗೆ ಪೂರ್ತಿ ಬಂದ್ ಆಗುವುದು. ಅದು ಬ್ಯಾಟರಿ ಸೇವರ್ ಆ್ಯಪ್ ಅನ್ನು ಮಲಗಿಸುವ ಕೆಲಸ, ಸೆಟ್ಟಿಂಗಿನಲ್ಲಿ ಆ ಆ್ಯಪಿಗೆ ವಿನಾಯಿತಿ ಕೊಟ್ಟರೆ ಮುಗಿಯಿತು. ಒಂದು ಬಡ್ ಮಾತ್ರ ಸತ್ತರೆ ಡಬ್ಬಿಯೊಳಗಿನ ಚಾರ್ಜಿಂಗ್ ಪಿನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ನಮ್ಮ ಕಡೆಯ ಧೂಳಿಗೆ ಇದು ಮಾಮೂಲು.

ರೈಲಿನ ತಂತಿಯ ಅನುಮಾನವನ್ನು ಮಾತ್ರ ಹಾಗೇ ತಳ್ಳಿಹಾಕಲು ಮನಸ್ಸಾಗಲಿಲ್ಲ. ತಂತಿಯಲ್ಲಿರುವುದು 50 ಹರ್ಟ್ಜ್, ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಜ್, ಒಂದಕ್ಕೊಂದು ಸಂಬಂಧವಿಲ್ಲ ನಿಜ. ಆದರೆ ಇಂಜಿನ್ ಮೇಲಿನ ಪ್ಯಾಂಟೋಗ್ರಾಫ್ ತಂತಿಗೆ ತಾಗಿ ಕಿಡಿ ಹಾರಿದಾಗ ಎಲ್ಲ ಫ್ರೀಕ್ವೆನ್ಸಿಯಲ್ಲೂ ಸ್ವಲ್ಪ ಸ್ವಲ್ಪ ಗದ್ದಲ ಏಳುತ್ತದೆ. ಹಂಗಿದ್ದರೆ ರೈಲು ಬಂದಾಗಲೇ ಕಟ್ ಆಗಬೇಕು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಗೆರೆ ಹಾಕಿಕೊಟ್ಟೆ: ಎಲ್ಲಿ ಇದ್ದಿ, ನಿಂತಿದ್ದೆಯೋ ಬಾಗಿದ್ದೆಯೋ, ರೈಲು ಇತ್ತೋ ಇಲ್ಲವೋ. ಮೂರು ದಿನ ಅಕ್ಕ ಗೀಟು ಎಳೆದಳು. ನಮ್ಮ ಲ್ಯಾಬ್ ರೆಕಾರ್ಡುಗಳಲ್ಲಿ ಹಿಂದಿನ ಬ್ಯಾಚಿನಿಂದ ಇಳಿಸುವ ರೀಡಿಂಗ್ ಅಲ್ಲ ಇದು, ನಿಜವಾದ ರೀಡಿಂಗು.

ರೈಲು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮನೆಯೊಳಗೆ ಒಂದೂ ಗೀಟಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಲು ತಗಡಿನ ಶೆಡ್ಡಿನಲ್ಲಿ ಕೂತಾಗ ಒಂದೂ ಇಲ್ಲ. ಹೊಲದ ನಡುವೆ ನಿಂತಾಗ ಕೆಲವು. ಬಾಗಿ ಕೊಯ್ಯುವಾಗ ಸಾಲುಸಾಲು.

ನನಗೂ ಮೊದಲಿಗೆ ಇದು ತಿರುಗಾಮುರುಗಾ ಅನ್ನಿಸಿತು. ಬಯಲಿನಲ್ಲಿ ಗೋಡೆ ಇಲ್ಲ, ವೈಫೈ ಇಲ್ಲ, ಓವನ್ ಇಲ್ಲ. ರೇಡಿಯೋ ಲೆಕ್ಕದಲ್ಲಿ ಆ ಹೊಲದಷ್ಟು ಪ್ರಶಾಂತ ಜಾಗ ನಮ್ಮ ಕ್ಯಾಂಪಸ್ಸಿನಲ್ಲಿ ಎಲ್ಲೂ ಸಿಗದು. ಅಲ್ಲಿ ಯಾಕೆ ಕಟ್ ಆಗಬೇಕು?

ಅಕ್ಕ ಕೊಯ್ಯುವುದನ್ನು ನೋಡುತ್ತ ಬದುವಿನ ಮೇಲೆ ಕೂತಾಗ ಉತ್ತರ ಕಣ್ಣೆದುರೇ ಇತ್ತು. ಬಲಗೈಯಲ್ಲಿ ಕುಡುಗೋಲು, ಅದಕ್ಕೆ ಫೋನ್ ಎಡ ಟೊಂಕಕ್ಕೆ ಸಿಗಿಸಿದ್ದಾಳೆ. ಬಡ್ ಬಲಗಿವಿಗೆ, ಯಾಕಂದ್ರೆ ಎಡಕ್ಕೆ ಇರುವ ಹೆಣ್ಣುಮಕ್ಕಳು ಕರೆದರೆ ಕೇಳಬೇಕು. ಎಡ ಟೊಂಕದಿಂದ ಬಲಗಿವಿಗೆ ಹೋಗುವ ನೇರ ದಾರಿಯಲ್ಲಿ ಅವಳ ಇಡೀ ಮೈ ಇದೆ. ಬಾಗಿದರಂತೂ ಫೋನು ಹೊಟ್ಟೆಯ ಮಡಿಕೆಯೊಳಗೇ ಹೂತುಹೋಗುತ್ತದೆ. ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರು, ಜತೆಗೆ ಉಪ್ಪು. ನೀರು 2.4 ಗಿಗಾಹರ್ಟ್ಜ್ ಅಲೆಯನ್ನು ಹೀರುತ್ತದೆ. ಮೈಕ್ರೋವೇವ್ ಓವನ್ ಅನ್ನ ಬಿಸಿ ಮಾಡುವುದು ಅದೇ ಪಟ್ಟಿಯಲ್ಲಿ, 2.45ರಲ್ಲಿ. ಸಾಮಾನ್ಯ ಬ್ಲೂಟೂತ್ ಸಾಧನ ಕಳಿಸುವುದೇ ಕೆಲವು ಮಿಲಿವ್ಯಾಟ್. ಅದರಲ್ಲಿ 20 ಡೆಸಿಬೆಲ್ ಮೈಗೆ ಹೋದರೆ ನೂರರಲ್ಲಿ ಒಂದು ಪಾಲು ಉಳಿಯಿತು.

ಹಂಗಾದ್ರೆ ಮನೆಯಲ್ಲಿ ಯಾಕೆ ಸರಿ? ಮೈ ಅದೇ, ಟೊಂಕ ಅದೇ. ಮನೆಯಲ್ಲಿ ಗೋಡೆ ಇದೆ, ಅದಕ್ಕೇ. ನಮ್ಮ ಮನೆ ಶಹಾಬಾದ್ ಪರಸಿಯದು, ನೆಲಕ್ಕೂ ಕಲ್ಲು, ಗೋಡೆಗೂ ಕಲ್ಲು. ಮೈ ದಾಟಲಾಗದ ಅಲೆ ಗೋಡೆಗೆ, ನೆಲಕ್ಕೆ, ಟ್ರಂಕಿಗೆ ಬಡಿದು ಸುತ್ತುಹಾಕಿ ಇನ್ನೊಂದು ಕಿವಿ ಮುಟ್ಟುತ್ತದೆ. ಮಲ್ಟಿಪಾತ್ ಅಂದ್ರೆ ಬರೀ ಕಾಟ ಅಂತ ಪರೀಕ್ಷೆಯಲ್ಲಿ ಬರೆಯುತ್ತೇವಲ್ಲ, ಇಲ್ಲಿ ಅದೇ ಪುಣ್ಯ ಕಟ್ಟಿಕೊಳ್ಳುತ್ತದೆ. ತಗಡಿನ ಶೆಡ್ಡು ಇನ್ನೂ ಚಲೋ. ಬಯಲಿನಲ್ಲಿ ತಿರುಗಿಸಿ ಕಳಿಸುವವರೇ ಇಲ್ಲ, ಆಕಾಶಕ್ಕೆ ಹೋದ ಅಲೆ ವಾಪಸ್ ಬರುವುದಿಲ್ಲ. ನಂಬಿಕೆ ಇಲ್ಲದವರು ಸಂಜೆ ನಮ್ಮ ಕ್ರಿಕೆಟ್ ಗ್ರೌಂಡಿನ ನಡುಮಧ್ಯೆ ಹೋಗಿ, ಫೋನ್ ಬಲಗಡೆಯ ಹಿಂದಿನ ಜೇಬಿನಲ್ಲಿಟ್ಟು, ಎಡಗಿವಿಗೆ ಮಾತ್ರ ಬಡ್ ಹಾಕಿ ನಡೆದು ನೋಡಿ. ಆಮೇಲೆ ಬಿಲ್ಡಿಂಗ್ ಹತ್ತಿರ ಬನ್ನಿ. ಎಲ್ಲ ಬಡ್‌ಗಳಲ್ಲೂ ಒಂದೇ ಥರ ಆಗುವುದಿಲ್ಲ, ಆಂಟೆನಾ ಚೆನ್ನಾಗಿರುವುದು ತಡೆದುಕೊಳ್ಳುತ್ತದೆ. ಆ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಅದಕ್ಕೆ ಸರಿಹೊಂದುವ ಆಂಟೆನಾವನ್ನು ಕಡಲೆಕಾಯಿಯಷ್ಟು ಡಬ್ಬಿಯಲ್ಲಿ ಬ್ಯಾಟರಿ ಪಕ್ಕ ತುರುಕುವುದು ಸುಲಭದ ಕೆಲಸವಲ್ಲ, ಅಗ್ಗದ ಮಾಲು ಸೋಲುವುದು ಹೆಚ್ಚಾಗಿ ಇಲ್ಲೇ.

ಹಾಸ್ಟೆಲಿನ ಕಟ್ ಕಟ್ ಇದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಗೋಡೆ ಸಾಕಷ್ಟಿದೆ, ತೊಂದರೆ ಸಂತೆಯದು. ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಹಾರುತ್ತದೆ. (ಹೆಡಿ ಲಮಾರ್ ಕಥೆ ಎಲ್ಲ ಟೆಕ್ ಫೆಸ್ಟಿನಲ್ಲೂ ಕೇಳಿದ್ದೀರಿ, ಬಿಡಿ.) ಗದ್ದಲ ಇರುವ ಚಾನೆಲ್ ಬಿಟ್ಟು ಉಳಿದವುಗಳಲ್ಲಿ ಮಾತ್ರ ಹಾರುವ ಜಾಣತನ 2003ರ 1.2 ಆವೃತ್ತಿಯಿಂದ ಬಂದಿದೆ, ಆದರೆ ಕನಿಷ್ಠ 20 ಚಾನೆಲ್ ಆದರೂ ಬಳಸಲೇಬೇಕು. ವೈಫೈನ 1, 6, 11 ಮೂರೂ ತುಂಬಿದ್ದರೆ ಆ ಪಟ್ಟಿಯಲ್ಲಿ ಉಳಿಯುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ರಾತ್ರಿ ಒಂಬತ್ತಕ್ಕೆ ಪ್ರತಿ ರೂಮಿನಲ್ಲೂ ಹಾಟ್‌ಸ್ಪಾಟ್. ಬಹಳ ಸಲ ನಿಮ್ಮ ಫೋನೇ ನಿಮಗೆ ಶತ್ರು: ಲ್ಯಾಪ್‌ಟಾಪಿಗೆ 2.4ರಲ್ಲಿ ಹಾಟ್‌ಸ್ಪಾಟ್ ಕೊಟ್ಟು ಅದೇ ಫೋನಿನಿಂದ ಬಡ್‌ನಲ್ಲಿ ಹಾಡು ಕೇಳಿದರೆ ಎರಡೂ ಸರದಿ ಕಾಯಬೇಕು. ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಜಿಗೆ ಬದಲಿಸಿ ನೋಡಿ.

ಹೊಲದ ಮದ್ದಿಗೆ ಬರೋಣ. ನಮ್ಮ ಕಡೆ ಹೆಣ್ಣುಮಕ್ಕಳು ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ಮನೆಯ ಗಂಡಸರ ಹಳೇ ಫುಲ್ ಅಂಗಿ ಹಾಕಿಕೊಳ್ಳುತ್ತಾರೆ, ಬಿಸಿಲಿಗೆ, ತೊಗರಿ ಕಟ್ಟಿಗೆ ಗೀರಬಾರದಂತ. ಅಂಗಿಗೆ ಎಡ ಎದೆಯ ಮೇಲೆ ಜೇಬು ಇದ್ದೇ ಇರುತ್ತದೆ. ಫೋನ್ ಆ ಜೇಬಿಗೆ, ಬಡ್ ಎಡಗಿವಿಗೆ. ನಡುವೆ ಒಂದು ಗೇಣು, ಮೈ ಅಡ್ಡ ಇಲ್ಲ. ಬಾಗಿದರೆ ಫೋನ್ ಬಿದ್ದೀತು ಅಂತ ಅವ್ವ ಜೇಬಿನ ಬಾಯಿಗೆ ಒಂದು ಗುಂಡಿ ಹೊಲಿದಳು. ಎಡಗಡೆ ಇದ್ದ ಹೆಣ್ಣುಮಕ್ಕಳ ಬಲಕ್ಕಲ್ಲ, ಎಡಕ್ಕೆ ಹೋಗಿ ಸಾಲು ಹಿಡಿದಳು ಅಕ್ಕ, ಬಲಗಿವಿ ಅವರ ಕಡೆ ತೆರೆದಿರಲಿ ಅಂತ.

ಇನ್ನೊಂದು ಕೆಲಸ ನಾನು ಮಾಡಿದ್ದು ಫೋನಿನಲ್ಲಿ. ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದಲ್ಲ, ಅಲ್ಲಿ ಆಡಿಯೋ ಕೋಡೆಕ್ ಎಸ್‌ಬಿಸಿಗೆ ಇಳಿಸಿದೆ. ಎಲ್‌ಡ್ಯಾಕ್ ಇರುವವರಿಗೆ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ: 990 ಕಿಲೋಬಿಟ್ ತಳ್ಳುವುದಕ್ಕೂ 330ಕ್ಕೂ ಗಾಳಿಯಲ್ಲಿ ಬೇಕಾಗುವ ಜಾಗ ಒಂದೇ ಅಲ್ಲ. ಅಕ್ಕನ ಅಗ್ಗದ ಬಡ್‌ಗೆ ಅದರಿಂದ ಎಷ್ಟು ಲಾಭ ಆಯಿತೋ, ಬಹುಶಃ ಅಂಗಿಯ ಜೇಬೇ ಮುಕ್ಕಾಲು ಪಾಲು ಮಾಡಿತು. ಪಾಠಗಳನ್ನು ಬೆಳಿಗ್ಗೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗುವ ರೂಢಿಯನ್ನೂ ಮಾಡಿಸಿದೆ, ಟವರ್ ಮೇಲೆ ಹಾಕುವ ದೂರಾದರೂ ಬಂದ್ ಆಗಲಿ.

ನಾಲ್ಕನೇ ದಿನ ಸಂಜೆ ಗೀಟಿನ ಪುಟ ತೋರಿಸಿದಳು. ಇಡೀ ದಿನಕ್ಕೆ ಎರಡು. ಖರ್ಚು, ಒಂದು ಅಂಗಿ ಗುಂಡಿ.

ಈಗ ಸೆಮ್ ಶುರುವಾಗಿದೆ. ತೊಗರಿ ಕೊಯ್ಲು ಮುಗಿದು ರಾಶಿ ನಡೆದಿದೆ, ಮಷೀನಿನ ಸಪ್ಪಳದಲ್ಲಿ ಬಡ್ ಇದ್ದರೂ ಏನೂ ಕೇಳುವುದಿಲ್ಲವಂತೆ, ರಾಶಿ ಆಗುವವರೆಗೆ ರಾತ್ರಿ ಮಾತ್ರ ಓದು. ಮೊನ್ನೆ ಫೋನ್ ಮಾಡಿದವಳು ಪರೀಕ್ಷೆಯ ಮಾತೇ ಎತ್ತಲಿಲ್ಲ. "ತಮ್ಮಾ, ಎಡಗಿವೀದು ಬಲಗಿವೀದಕ್ಕಿಂತ ಲಗು ಚಾರ್ಜ್ ಇಳೀಲಾಕತ್ತದ, ಯಾಕಲೇ?" ಅಂದಳು. ದಿನಾ ಅದೊಂದನ್ನೇ ದುಡಿಸಿದರೆ ಅದರ ಬ್ಯಾಟರಿಯೇ ಮೊದಲು ಸವೆಯುತ್ತದೆ ಅಂದೆ. "ಹಂಗಂದ್ರ ಬಲಗಡಿ ಜೇಬಿನ ಅಂಗಿ ಹುಡುಕ್ಲಿ ಏನು?" ಅಂದು ಇಟ್ಟಳು.