ಬಿಸಿಲೂರುಗಳ ಮೂರು ಕಂಪ್ಯೂಟರ್ ಅಂಗಡಿಗಳು

ಯಾದಗಿರಿಗೆ ಹೊರಟಿದ್ದೇವೆ ಅಂದ ಕೂಡಲೇ ಪಕ್ಕದ ಮನೆಯಾಕೆ, "ಅಯ್ಯೋ, ಆ ಬಿಸಿಲಿಗಾ? ಅಲ್ಲಿ ನೋಡೋದಕ್ಕೇನಿದೆ ಮಹಾ?" ಎಂದು ಹುಬ್ಬೇರಿಸಿದರು. ನೋಡುವುದಕ್ಕೆ ಬೇಕಾದಷ್ಟಿದೆ, ಬಿಡಿ. ಆದರೆ ಈ ಸಲ ನಮ್ಮನ್ನು ಅಲ್ಲಿಗೆ ಎಳೆದದ್ದು ಒಂದು ಲ್ಯಾಪ್‌ಟಾಪು.

ಸುರಪುರದಲ್ಲಿ ನನ್ನ ಅಕ್ಕನ ಮಗಳಿದ್ದಾಳೆ. ಅವಳ ಮಗಳು ಇಂಜಿನಿಯರಿಂಗ್ ಸೇರಿದಾಗ ನಮ್ಮ ಯಜಮಾನರು ಬೆಂಗಳೂರಿನಲ್ಲಿ ಕೂತಲ್ಲೇ ಮೊಬೈಲ್ ಒತ್ತಿ, ಲ್ಯಾಪ್‌ಟಾಪ್ ಕೊಂಡು, ನೇರ ಸುರಪುರಕ್ಕೇ ತಲುಪಿಸಿದ್ದರು. ಹಬ್ಬದ ರಿಯಾಯಿತಿ, ಬ್ಯಾಂಕ್ ಕಾರ್ಡಿನ ರಿಯಾಯಿತಿ ಎಲ್ಲ ಸೇರಿ 4,200 ರೂಪಾಯಿ ಉಳಿಯಿತೆಂದು ಎರಡು ದಿನ ಮೀಸೆ ತಿರುವಿದ್ದೂ ಉಂಟು. ಏಳೇ ವಾರಕ್ಕೆ ಅದು ಕಣ್ಣು ಮುಚ್ಚಿತು. ಹಿಂದಿರುಗಿಸುವ ಗಡುವು ಯಾವಾಗಲೋ ಮುಗಿದಿತ್ತು. ಫೋನು ಮಾಡಿದರೆ ಕಲಬುರಗಿಯ ಸರ್ವಿಸ್ ಸೆಂಟರಿಗೆ ಒಯ್ಯಿರಿ ಎಂಬ ಉತ್ತರ. ಸುರಪುರದಿಂದ ಅದೇನು ಪಕ್ಕದ ಬೀದಿಯೇ? ಬಸ್ಸಿನಲ್ಲಿ ಹೋಗಿ ಬರುವುದರೊಳಗೆ ಒಂದು ದಿನ ಖರ್ಚು. ಹುಡುಗಿ ವಾರದೊಳಗೆ ಕಾಲೇಜಿಗೆ ಏನೋ ವರದಿ ಒಪ್ಪಿಸಬೇಕಂತೆ, ಅಳು ಒಂದು ಬಾಕಿ.

"ಊರಲ್ಲೇ ಕಂಪ್ಯೂಟರ್ ಅಂಗಡಿ ಇಲ್ವೇನೇ?" ಎಂದು ಕೇಳಿದೆ. ಅಕ್ಕನ ಮಗಳು ದನಿ ತಗ್ಗಿಸಿದಳು. "ಅದ ಚಿಕ್ಕಮ್ಮ, ನಮ್ಮ ಓಣ್ಯಾಗೇ ಅದ. ಸಿ.ಇ.ಟಿ. ಅರ್ಜಿ ತುಂಬಿ ಕೊಟ್ಟಾವ್ರೇ ಅವ್ರು. ಲ್ಯಾಪ್‌ಟಾಪ್ ನಮ್ಮಲ್ಲೇ ತಗೋರಿ, ಕಂತಿನ ಮ್ಯಾಲೆ ಕೊಡ್ತೀನಿ ಅಂದಿದ್ರು. ಈಗ ಯಾವ ಮುಖಾ ಹೊತ್ಕೊಂಡು ಹೋಗ್ಲಿ?"

ದುಡ್ಡು ಉಳಿಸಿದವರು ನಾವು, ಮುಖ ತಪ್ಪಿಸಿ ಓಡಾಡುತ್ತಿರುವವಳು ಅವಳು! ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಾರನೆಯ ದಿನವೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು.

ಬೆಳಗಿನ ಜಾವ ರಾಯಚೂರು ದಾಟಿ, ಕೃಷ್ಣೆ ದಾಟಿ ಯಾದಗಿರಿಯಲ್ಲಿ ಇಳಿದಾಗ ಗಾಳಿ ತಣ್ಣಗೇ ಇತ್ತು. ಊರ ನೆತ್ತಿಯ ಮೇಲೆ ಬಂಡೆಗಳ ಬೆಟ್ಟ, ಅದರ ತುಂಬ ಕೋಟೆ. ಗುಲ್ಬರ್ಗಾದಿಂದ ಬೇರೆಯಾಗಿ 2009ರ ಡಿಸೆಂಬರಿನಲ್ಲಿ ಯಾದಗಿರಿಯೇ ಜಿಲ್ಲೆಯಾಯಿತಲ್ಲ, ಆಮೇಲೆ ಕಚೇರಿಗಳು ಬಂದವು. ಕಚೇರಿಗಳ ಹಿಂದೆಯೇ ಕಂಪ್ಯೂಟರು, ಪ್ರಿಂಟರು, ಜೆರಾಕ್ಸು. "ಜಿಲ್ಲಾ ಕೇಂದ್ರ ತಾನೆ, ಇಲ್ಲೇ ವಿಚಾರಿಸೋಣ, ಸುರಪುರದಲ್ಲಿ ಯಾರಿಗೂ ಗೊತ್ತಾಗೋದಿಲ್ಲ" ಎಂಬುದು ನಮ್ಮ ಯಜಮಾನರ ಉಪಾಯ. ಕೋಟೆಗೆ ಕೆಳಗಿನಿಂದಲೇ ಕೈಮುಗಿದು, ಬಿಸಿಬಿಸಿ ಸುಸಲಾ, ಮಿರ್ಚಿ ಭಜಿ ತಿಂದು, ಹತ್ತು ಗಂಟೆಗೆ ಅಂಗಡಿಯೊಂದರ ಮೆಟ್ಟಿಲೇರಿದೆವು.

ಅಂಗಡಿಯವರಿಗೆ ಐವತ್ತರ ಆಸುಪಾಸು. ನಾವು ಮಾಡೆಲಿನ ಹೆಸರು ಹೇಳಿ ಬೆಲೆ ಕೇಳಿದ್ದೇ ತಡ, ಅವರೇ ತಮ್ಮ ಮೊಬೈಲು ತೆಗೆದು ಆನ್‌ಲೈನ್ ಬೆಲೆ ತೋರಿಸಿದರು. "ನಾನು ತೋರಸ್ಲಿಲ್ಲಂದ್ರ ನೀವು ಹೊರಗ ಹೋಗಿ ನೋಡ್ತೀರಿ ಅಲ್ರಿ!" ಎಂದು ನಕ್ಕರು. ಅವರು ಸಾಮಾನು ತರುವುದು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದ, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಅಲ್ಲಿ ತಾವು ಕೊಡುವ ದುಡ್ಡೇ ಒಮ್ಮೊಮ್ಮೆ ಹಬ್ಬದ ಆನ್‌ಲೈನ್ ಬೆಲೆಗಿಂತ ಹೆಚ್ಚು ಎಂದರು. ನನಗೆ ನಂಬಿಕೆ ಬರಲಿಲ್ಲ. ಅವರು ಬಿಡಿಸಿ ಹೇಳಿದರು. ದೊಡ್ಡವರು ಸಾವಿರಗಟ್ಟಲೆ ಒಟ್ಟಿಗೇ ಕೊಳ್ಳುತ್ತಾರೆ. ಕಾರ್ಡಿನ ರಿಯಾಯಿತಿ ಬ್ಯಾಂಕಿನ ಕಡೆಯಿಂದ. ಕೆಲವು ಮಾಡೆಲುಗಳು ಆನ್‌ಲೈನಿಗೆಂದೇ ಬರುತ್ತವೆ, ಹೆಸರಿನಲ್ಲಿ ಒಂದೆರಡು ಅಕ್ಷರ ಬೇರೆ, ಒಳಗೆ ಮೆಮೊರಿ ಕಡಿಮೆ. ಜಿ.ಎಸ್.ಟಿ. ಮಾತ್ರ ಇಬ್ಬರಿಗೂ ಒಂದೇ, 18 ಪರ್ಸೆಂಟು.

ಸರಕಾರ ಸುಮ್ಮನಿದೆಯೇ ಎಂದರೆ, ಅದೂ ಇಲ್ಲ. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ವಸ್ತುವಿನ ಬೆಲೆಯ ಮೇಲೆ ಪ್ರಭಾವ ಬೀರಬಾರದೆಂಬ ನಿಯಮವಿದೆ, 2019ರ ಫೆಬ್ರವರಿಯಿಂದ ಅದು ಇನ್ನೂ ಬಿಗಿಯಾಯಿತು. ದೆಹಲಿಯ ವ್ಯಾಪಾರಿಗಳ ದೂರಿನ ಮೇಲೆ ಸ್ಪರ್ಧಾ ಆಯೋಗ 2020ರಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು. ಅವು ನಮ್ಮ ಹೈಕೋರ್ಟಿಗೇ ಹೋಗಿ ತಡೆ ತಂದವು. 2021ರಲ್ಲಿ ಹೈಕೋರ್ಟು ಅರ್ಜಿಗಳನ್ನು ತಳ್ಳಿಹಾಕಿತು. ಇದೆಲ್ಲ ದೊಡ್ಡವರ ವ್ಯಾಜ್ಯ. ಯಾದಗಿರಿಯ ಕಪಾಟಿನಲ್ಲಿ ಕೂತ ನಾಲ್ಕು ಡಬ್ಬಿಗಳಿಗೆ ಅದರಿಂದ ಗಿರಾಕಿ ಬಂದಂತೆ ಕಾಣಲಿಲ್ಲ.

ಹಾಗೆಂದು ಆನ್‌ಲೈನನ್ನು ಶಪಿಸುವ ಮನಸ್ಸೂ ನನಗಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟಿನ ಮೊಟ್ಟಮೊದಲ ಗಿರಾಕಿ ಈ ಯಾದಗಿರಿಗೆ ಮಗ್ಗುಲಾದ ಮೆಹಬೂಬ್‌ನಗರದವರು, ತರಿಸಿದ್ದು ಒಂದು ಪುಸ್ತಕ. ಪುಸ್ತಕದಂಗಡಿ ಇಲ್ಲದ ಊರಿನವರಿಗೆ ಅದು ಎಂಥ ಸಂಭ್ರಮ ಎಂಬುದು ಪಟ್ಟಣದವರಾದ ನಮಗೆ ಹೇಗೆ ಗೊತ್ತಾಗಬೇಕು?

"ಕೆಟ್ಟದ್ದು ರಿಪೇರಿ ಮಾಡ್ತೀರಾ?" ಎಂದರು ಯಜಮಾನರು, ಮೆಲ್ಲಗೆ. "ಮಾಲು ನೋಡದ ಏನು ಹೇಳ್ಲಿ ಸಾಹೇಬ್ರ? ಸುರಪುರದಾಗ ಚಲೋ ಹುಡುಗ್ರು ಅದಾರ, ಅಲ್ಲೇ ತೋರಸ್ರಿ" ಎಂದುಬಿಟ್ಟರು. ಉಪಾಯ ಅಲ್ಲಿಗೇ ಮುಗಿಯಿತು.

ಭೀಮಾ ಸೇತುವೆ ದಾಟಿದರೆ ಶಹಾಪುರದ ದಾರಿ. ಎಡಬಲಕ್ಕೆ ಹತ್ತಿ, ತೊಗರಿ. ಕಾಲುವೆ ನೀರು ಬಂದ ಕಡೆ ಭತ್ತದ ಹಸಿರು. ಶಹಾಪುರ ಸಮೀಪಿಸುತ್ತಿದ್ದಂತೆ ಬಸ್ಸಿನಲ್ಲಿದ್ದ ಅಜ್ಜಿಯೊಬ್ಬರು ನನ್ನ ಭುಜ ತಟ್ಟಿ ಬೆಟ್ಟ ತೋರಿಸಿದರು. ಬಂಡೆಗಳ ಸಾಲು ಥೇಟ್ ಮಲಗಿದ ಬುದ್ಧನ ಹಾಗೆ! ಹಣೆ, ಮೂಗು, ಗದ್ದ ಎಲ್ಲ ಸ್ಪಷ್ಟ.

ಬಸ್ಸು ಬದಲಿಸುವ ಹೊತ್ತಿನಲ್ಲಿ ಕಂಡದ್ದು ಎರಡನೆಯ ಅಂಗಡಿ. ಅದನ್ನು ನಡೆಸುತ್ತಿದ್ದವಳು ಒಬ್ಬ ಹೆಣ್ಣುಮಗಳು ಎಂದೇ ಒಳಗೆ ಹೋದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ರಿಂಟರಿನ ಕಾರ್ಟ್ರಿಜ್ ಬಿಚ್ಚಿ ಕಪ್ಪು ಪುಡಿ ತುಂಬುತ್ತಿದ್ದಳು. ಕೈ, ಮೂಗಿನ ತುದಿ, ಎಲ್ಲ ಕಪ್ಪು. ಹೊಸ ಕಂಪ್ಯೂಟರು ಮಾರುವುದನ್ನು ಅವಳೂ ಗಂಡನೂ ಬಿಟ್ಟೇಬಿಟ್ಟಿದ್ದಾರೆ. ಬಂಡವಾಳ ಹಾಕಿ ಆರು ತಿಂಗಳು ಇಟ್ಟುಕೊಂಡರೆ ಮಾಡೆಲು ಹಳೆಯದಾಗುತ್ತದಂತೆ. ಗಂಡ ಅಂಗಡಿ, ಗೋದಾಮುಗಳಿಗೆ ಸಿ.ಸಿ. ಕ್ಯಾಮೆರಾ ಹಾಕುತ್ತಾನೆ. ಇವಳದು ನುಡಿಯಲ್ಲಿ ಅರ್ಜಿ, ಲಗ್ನಪತ್ರಿಕೆ ಟೈಪು ಮಾಡುವುದು, ಪ್ರಿಂಟರ್ ರಿಪೇರಿ.

"ಹಬ್ಬದ ಸೇಲ್ ಬಂತಂದ್ರ ಅಂಗಡಿ ಖಾಲಿ ಅಕ್ಕಾರ. ಅದು ಮುಗದ ಮರುವಾರ ನೋಡ್ರಿ, ಎಲ್ಲಾರೂ ಡಬ್ಬಿ ಹಿಡ್ಕೊಂಡು ಬರ್ತಾರ. ಕನ್ನಡ ಹಾಕಿಕೊಡ್ರಿ, ಪ್ರಿಂಟರ್ ಕೂಡಿಸಿಕೊಡ್ರಿ ಅಂತ. 'ಇದ್ಕೇನ್ ರೊಕ್ಕ?' ಅಂತಾರ ಮತ್ತ." ಈ ಮಾತು ಹೇಳುವಾಗ ಮಾತ್ರ ಅವಳ ಕೈ ನಿಂತಿತು. ಎರಡು ತಾಸು ಕೂತು ಮಾಡಿದ ಕೆಲಸಕ್ಕೆ ಬೆಲೆಯಿಲ್ಲ, ಕಣ್ಣಿಗೆ ಕಾಣುವ ವಸ್ತುವಿಗೆ ಮಾತ್ರ ಬೆಲೆ! ಅಡುಗೆಮನೆಯಲ್ಲಿ ನಿಂತವರಿಗೆ ಈ ನೋವು ಹೊಸದಲ್ಲ, ಅಲ್ಲವೇ? ಈಗ ಗೋಡೆಗೆ ದರಪಟ್ಟಿ ಅಂಟಿಸಿದ್ದಾಳೆ. ಜಗಳ ಕಡಿಮೆಯಾಗಿದೆಯಂತೆ.

"ನಿನ್ನ ಈ ಪುಡಿ ಎಲ್ಲಿಂದ ತರಿಸ್ತೀಯಮ್ಮಾ?" ಎಂದೆ. ತುಟಿ ಕಚ್ಚಿ ನಕ್ಕಳು. "ಸುಳ್ಳ ಯಾಕ್ರಿ, ಆನ್‌ಲೈನದಾಗೇ. ಮಿಕ್ಸರೂ ಅಲ್ಲಿಂದೇ ತರಸೀನಿ."

ಸುರಪುರ ಬೆಟ್ಟಗಳ ಮಡಿಲಿನ ಊರು. 1857ರ ಬಂಡಾಯದ ಗಾಳಿ ಬೀಸಿದಾಗ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕರ ಊರು. ಬೆಟ್ಟದ ಮೇಲೆ ಮೆಡೋಸ್ ಟೇಲರ್ ಸಾಹೇಬನ ಬಂಗಲೆ ಟೇಲರ್ ಮಂಜಿಲ್ ಇದೆ. ಸಂಜೆ ಅಲ್ಲಿಗೆ ಹೋಗಬೇಕೆಂದಿದ್ದೆ. ಆದರೆ ಮನೆಯಲ್ಲಿ ಹುಡುಗಿಯ ಬಾಡಿದ ಮುಖ ನೋಡಿ, ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡ ಕೈ ಒಣಗುವ ಮೊದಲೇ ಲ್ಯಾಪ್‌ಟಾಪನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ನಾನೇ ಓಣಿಗಿಳಿದೆ. ಯಜಮಾನರು ನಾಲ್ಕು ಹೆಜ್ಜೆ ಹಿಂದೆ. ಅಕ್ಕನ ಮಗಳು ಬಾಗಿಲಲ್ಲೇ ನಿಂತಳು.

ಅಂಗಡಿಯವನಿಗೆ ಮೂವತ್ತೈದಿರಬಹುದು. ಚೀಲದಿಂದ ತೆಗೆದದ್ದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ಎಲ್ಲಿಂದ ತರಸೀರಿ ಅಮ್ಮಾರ?" ಎಂದ. ಹೇಳಿದೆ. ಎಷ್ಟು ಉಳಿಯಿತು ಎಂಬುದನ್ನೂ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಬಿಡ್ರಿ, 4,000 ಯಾರಿಗೆ ಬ್ಯಾಡ್ರಿ? ನಾ ಅಷ್ಟು ಬಿಡಾಕ ಆಗ್ತಿದ್ದಿಲ್ಲ" ಎಂದ. ಕಪಾಟಿನಿಂದ ಬೇರೊಂದು ಚಾರ್ಜರು ತೆಗೆದು ಚುಚ್ಚಿದ. ಐದು ನಿಮಿಷ ಏನೂ ಇಲ್ಲ. ನನ್ನ ಎದೆ ಡವಡವ. ಆಮೇಲೆ ಮೂಲೆಯಲ್ಲಿ ಪುಟ್ಟ ದೀಪ ಹೊತ್ತಿತು!

ಸತ್ತಿದ್ದು ಚಾರ್ಜರು. ಹೊಸದನ್ನು ಮಾರಬಹುದಿತ್ತು. "ವಾರಂಟಿ ಅದ, ರೊಕ್ಕ ಯಾಕ ಹಾಕ್ತೀರಿ? ಡಬ್ಬಿ ಬಿಚ್ಚಾಕೂ ಹೋಗಬ್ಯಾಡ್ರಿ" ಎಂದು ತಾನೇ ಕಂಪನಿಗೆ ಫೋನು ಹಚ್ಚಿ, ಮುಕ್ಕಾಲು ತಾಸು ಹಿಂದಿಯಲ್ಲಿ ವಾದ ಮಾಡಿ, ಬದಲಿ ಚಾರ್ಜರು ಮನೆಗೇ ಬರುವಂತೆ ದೂರು ಬರೆಸಿದ. ಅದು ಬರುವ ತನಕ ಅಂಗಡಿಯದನ್ನು ಹುಡುಗಿಗೆ ಕೊಟ್ಟ. ಎಷ್ಟಾಯಿತು ಎಂದು ಯಜಮಾನರು ಪರ್ಸು ತೆಗೆದಾಗ ಬೇಡ ಎನ್ನುತ್ತಾನೆಂದೇ ನಾನು ಎಣಿಸಿದ್ದೆ. "200 ಕೊಡ್ರಿ" ಎಂದ. ಶಹಾಪುರದ ಹೆಣ್ಣುಮಗಳ ದರಪಟ್ಟಿ ನೆನಪಾಗಿ ನನಗೆ ಖುಷಿಯೇ ಆಯಿತು.

ಮೆಟ್ಟಿಲಿಳಿಯುವಾಗ ಕರೆದ. "ಮುಂದಿನ ಸಲ ತಗೊಳಾಕ ಮುಂಚೆ ಒಂದು ಮಾತು ಕೇಳ್ರಿ ಅಮ್ಮಾರ. ಯಾವ್ದು ಚಲೋ ಅಂತ ಹೇಳ್ತೀನಿ. ಎಲ್ಲಿ ಬೇಕಾದ್ರೂ ತಗೋರಿ." ಯಜಮಾನರು ತಲೆ ತಗ್ಗಿಸಿಕೊಂಡೇ ಇದ್ದರು. ಅಕ್ಕನ ಮಗಳ ಮನೆಗೆ ಒಂದು ಪ್ರಿಂಟರ್ ಬೇಕಿದೆ. ಆನ್‌ಲೈನಿನಲ್ಲಿ 900 ರೂಪಾಯಿ ಕಡಿಮೆ ಎಂಬುದನ್ನೂ ಅವರು ರೈಲಿನಲ್ಲಿ ನೋಡಿಟ್ಟಿದ್ದರು. ಮನೆಗೆ ಬಂದವರೇ ಆ ಮಾತೇ ಎತ್ತಲಿಲ್ಲ, ಮರುದಿನ ಬೆಳಿಗ್ಗೆ ಒಬ್ಬರೇ ಎದ್ದು ಆ ಅಂಗಡಿಯ ಕಡೆ ನಡೆದರು.

ಕಂಪನಿಯ ಚಾರ್ಜರು ಬರಲು ಹನ್ನೆರಡು ದಿನ ಹಿಡಿಯಿತಂತೆ. ಅಷ್ಟರಲ್ಲಿ ಹುಡುಗಿ ವರದಿ ಒಪ್ಪಿಸಿಯಾಗಿತ್ತು. ಅಂಗಡಿಯ ಚಾರ್ಜರು ಹಿಂದಿರುಗಿಸಲು ಈ ಸಲ ಅಕ್ಕನ ಮಗಳೇ ಹೋಗಿದ್ದಳಂತೆ, ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹಿಂಡಿ ಹಿಡಿದುಕೊಂಡು.